ಕಾಲ್ಬೆರಳಿನ ದಾರ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಅಂಬೆಗಾಲಿಡುವ ಪ್ರತಿ ಕೂಸಿಗೂ ಒಂದು ದಾರ ಇರುತ್ತಿತ್ತು. ಮಗ್ಗದ ಉದ್ದೆಳೆಗಳ ಹಾಸು ಮುಗಿದಾಗ ಉಳಿಯುವ ತುಂಡು ನೂಲುಗಳನ್ನು ಹೊಸೆದು ಮಾಡಿದ್ದು. ಒಂದು ತುದಿ ಕೂಸಿನ ನಡುವಿಗೆ, ಇನ್ನೊಂದು ತಾಯಿಯ ಕಾಲ್ಬೆರಳಿಗೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವಳಿಗೆ ಕೈಯಲ್ಲಿ ಲಾಳಿ, ಕಣ್ಣೆಲ್ಲ ಎಳೆಯ ಮೇಲೆ. ಕೂಸನ್ನು ಕಾಯಲು ಅವಳಲ್ಲಿ ಬಿಡುವಾಗಿರುವುದು ಆ ಬೆರಳೊಂದೇ! ಕೂಸು ನಡೆಯಲು ಕಲಿತು ಓಣಿಯ ಮಕ್ಕಳ ಜೊತೆ ಸೇರಿಕೊಂಡ ಮೇಲೆ ದಾರ ಬಿಚ್ಚುವುದು ರೂಢಿ. ಹಂಪಮ್ಮ ಮಾತ್ರ ಬಿಚ್ಚಿರಲಿಲ್ಲ. ಅವಳ ಅಮ್ರಿಗೆ ಆಗಲೇ ನಾಲ್ಕು ತುಂಬಿತ್ತು.

"ಅದೇನ್ ಮಗಳೋ, ಕಟ್ಟಿಹಾಕಿದ ಕರೂನೋ?" ಎಂದು ಎದುರುಮನೆಯ ಆಶಮ್ಮ ಕೇಳದ ದಿನವಿರಲಿಲ್ಲ. ಕಟ್ಟೆಯ ಮೇಲೆ ರಾಟೆ ಇಟ್ಟುಕೊಂಡು ಓಣಿಗೆಲ್ಲ ಕಂಡಿಕೆ ಸುತ್ತಿಕೊಡುವ ಮುದುಕಿ ಅವಳು. ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿದರೆ ಯಾರ ಮಗ್ಗವಾದರೂ ಅವಳ ಕಟ್ಟೆಯ ಕಡೆ ನೋಡಲೇಬೇಕು.

"ನಗ್ರಿ ಆಯಿ, ನಗ್ರಿ. ಬೀದ್ಯಾಗ ತಹಶೀಲ್ದಾರ್ ಸಾಹೇಬ್ರ ಕುದುರಿ ಅಡ್ಡಾಡ್ತಾವ. ಅತ್ತಾಗ ಬಾವಿ ಬಾಯಿ ತಕ್ಕೊಂಡು ಕುಂತೈತಿ."

"ಬಾವಿ ನಿನ್ನ ಮಗಳ ಸಲುವಾಗೇ ಕುಂತೈತೇನು? ಓಣ್ಯಾಗಿನ ಉಳಿದ ಹುಡುಗ್ರು ಅದಕ್ಕ ರುಚಿ ಹತ್ತಂಗಿಲ್ಲೇನು?"

ಅಮ್ರಿಗೆ ಹಂಪಮ್ಮನೇ ತುತ್ತು ಮಾಡಿ ಉಣ್ಣಿಸುತ್ತಿದ್ದಳು, ಲಂಗದ ಲಾಡಿಯನ್ನೂ ಅವಳೇ ಕಟ್ಟುತ್ತಿದ್ದಳು. ಹುಡುಗಿ ನೀರು ಕುಡಿಯುವ ಮೊದಲು ಕೂಡ "ಯವ್ವಾ, ಕುಡೀಲಾ?" ಎಂದು ಕೇಳುತ್ತಿತ್ತು.

ಗಂಡ ಖಂಡಪ್ಪನ ತಕರಾರು ಬೇರೆ. ನಾರಾಯಣಪೇಟೆಯ ಮಗ್ಗಕ್ಕೆ ಒಮ್ಮೆ ಹಾಸು ಏರಿಸಿದರೆ ಎಂಟು ಸೀರೆ ಒಂದರ ಹಿಂದೊಂದು ಇಳಿಯಬೇಕು. ಮಗು ದಾರ ಎಳೆದಾಗಲೆಲ್ಲ ಹಂಪಮ್ಮನ ಕಾಲು ಕುಣಿಯೊಳಗಿನ ತಪ್ಪು ಹಲಗೆ ತುಳಿಯುತ್ತಿತ್ತು, ಸೀರೆಯ ಚೌಕಡಿ ಅಲ್ಲಿ ಕಣ್ಣು ಮಿಟುಕಿಸಿದಂತೆ ಮುರಿಯುತ್ತಿತ್ತು.

"ಲೇ ಹಂಪಿ, ಇಲ್ನೋಡು. ಇಲ್ಲಿ ಅಮ್ರಿ ಎಳದಾಳ, ಇಲ್ಲೂ ಎಳದಾಳ. ಇತ್ತಿತ್ಲಾಗ ಭಾಳ ಹೆಚ್ಚಾಗೈತಿ. ಗದ್ವಾಲ ಸಾವಕಾರ್ರಿಗೆ ಏನಂತ ಹೇಳಲಿ, ಇದು ನನ್ನ ಮಗಳ ಕುಣಿತ ಅಂತನಾ?"

"ಎಳದ್ರ ಎಳೀಲಿ ಬಿಡ್ರಿ. ಎಳದ್ಲು ಅಂದ್ರ ಅದಾಳ ಅಂತ ತಿಳೀತೈತಿ."

"ನಿಮ್ಮವ್ವನೂ ಹಿಂಗ ಅಂತಿದ್ದಳು. ಅದಕ್ಕ ನೀನು ಮಕ್ತಲ್‌ನಿಂದ ಬಂದ ಹೊಸದ್ರಾಗ ನೀರಿಗೆ ಹೋಗಿ ಕಳದುಹೋಗಿದ್ದಿ. ಯಾರದೋ ಮನಿ ಪಡಸಾಲ್ಯಾಗ ಕುಂತು ಅಳಾಕ ಹತ್ತಿದ್ದಿ. ಇಕೀಗೂ ಹಂಗ ಆಗಬೇಕೇನು?"

ಹಂಪಮ್ಮ ನಕ್ಕಳು. ಆದರೆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮಕ್ತಲ್‌ನ ತವರಿನಲ್ಲಿ ದಾರ ಬಿಚ್ಚಿದ ಮೇಲೂ ಅವ್ವನ "ಎಲ್ಲಿ ಹೊಂಟಿ?" ಬಿಚ್ಚಿರಲಿಲ್ಲ. ಅಂಗಳಕ್ಕೆ ಹೋದರೆ ಎಲ್ಲಿ ಹೊಂಟಿ, ಹಿತ್ತಲಿಗೆ ಹೋದರೆ ಎಲ್ಲಿ ಹೊಂಟಿ. ಮದುವೆಯಾಗಿ ಇಲ್ಲಿಗೆ ಬಂದು ಮೊದಲ ಸಲ ಒಬ್ಬಳೇ ಬಾವಿಗೆ ಹೋದಾಗ ಮಗ್ಗದ ಸದ್ದು ಹಿಡಿದು ಮನೆಗೆ ಮರಳಬಹುದು ಅಂದುಕೊಂಡಿದ್ದಳು. ಈ ಓಣಿಯಲ್ಲಿ ಮಗ್ಗ ಬಡಿಯದ ಮನೆ ಯಾವುದು? ಪ್ರತಿ ಬಾಗಿಲೂ ಟಕ್ ಟಕ್ ಎಂದು ಅವಳನ್ನೇ ಕರೆದಂತಾಗಿತ್ತು. ಇಂದಿಗೂ ಕನಸಿನಲ್ಲಿ ಅವಳು ಕೊಡ ಹೊತ್ತುಕೊಂಡು ಆ ಬಾಗಿಲುಗಳ ಮುಂದೆ ಹಾಯುತ್ತಲೇ ಇರುತ್ತಾಳೆ. ಅಮ್ರಿಯೂ ಒಂದು ದಿನ ಆ ಕನಸಿನೊಳಗೆ ಬರುತ್ತಾಳೇನೋ! ಹಾಗಂತ ದಾರ ಬಿಚ್ಚೋಣವೆಂದು ಬಗ್ಗಿದರೆ ಕೈ ಏಳುತ್ತಿರಲಿಲ್ಲ.

ಖಂಡಪ್ಪ ಸೀರೆ ಕಟ್ಟಿಕೊಂಡು ಗದ್ವಾಲದ ಬಂಡಿ ಹತ್ತಿದ ದಿನ, ಮಧ್ಯಾಹ್ನದ ಬಿಸಿಲು ಹಂಚಿನ ಸಂದಿನಿಂದ ಇಳಿದು ಹಾಸಿನ ಎಳೆಗಳ ಮೇಲೆ ಮಲಗಿತ್ತು. ಬಾಗಿಲಿಗೆ ಬೆನ್ನು ಮಾಡಿ ಹಂಪಮ್ಮ ನೇಯುತ್ತಿದ್ದಳು. ಲಾಳಿ ಆಚೆ ಹೋಯಿತು, ಈಚೆ ಬಂತು. ಕಣ್ಣು ಮಂಪರು. ನೇಯುತ್ತಿರುವುದು ಸೀರೆಯೋ ನೀರೋ ತಿಳಿಯದಂಥ ಹೊತ್ತು. ಕಾಲ್ಬೆರಳನ್ನು ದಾರ ಮೆಲ್ಲಗೆ ಎಳೆಯಿತು. ಅದಾಳ, ಎಂದುಕೊಂಡಳು.

ಆಗ ಅಮ್ರಿಯ ನಗು ಕೇಳಿಸಿತು. ದೂರದಿಂದ. ಬೀದಿಯ ಆಚೆಯಿಂದ!

ದಾರ ಮತ್ತೆ ಎಳೆಯಿತು, ಇಲ್ಲೇ, ಬೆನ್ನ ಹಿಂದೆ. ನಗು ಮತ್ತೆ ಕೇಳಿತು, ಅಲ್ಲಿಂದ. ಮಗಳು ಎರಡಾದಳೇ? ಹಂಪಮ್ಮ ಹೆದರಿ ತಿರುಗಿದಳು. ದಾರದ ತುದಿಯಲ್ಲಿ ಮನೆಯ ಆಡಿನ ಮರಿ ನಿಂತು ತುಂಡು ನೂಲು ಜಗಿಯುತ್ತಿತ್ತು. ಅದರ ಕೊರಳಲ್ಲಿ ಬಿದ್ದಿದ್ದು ಕಡಿದ ಎಳೆಗೆ ನೇಕಾರರು ಹಾಕುವ ಗಂಟು, ಅಚ್ಚುಕಟ್ಟಾದ ಗಂಟು. ಅದನ್ನು ಈ ಹುಡುಗಿ ಯಾವಾಗ ಕಲಿತಳು?

ಅವಳು ಕುಣಿಯಿಂದ ಎದ್ದು ಬಾಗಿಲಿಗೆ ಓಡಿದಳು. ಬೆರಳಿನ ದಾರ ಬಿಚ್ಚುವ ಎಚ್ಚರವೂ ಅವಳಿಗಿರಲಿಲ್ಲ; ಮರಿ "ಮ್ಯಾ" ಎನ್ನುತ್ತ ಹಿಂದೆಯೇ ಬಂತು. ಎದುರು ಕಟ್ಟೆಯ ಮೇಲೆ ಅಮ್ರಿ ಆಶಮ್ಮನ ರಾಟೆ ತಿರುಗಿಸುತ್ತಿದ್ದಳು. ಪಕ್ಕದ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು, ಯಾರನ್ನೂ ಕೇಳದೆ.

"ಇನ್ನೊಂದು ಸುತ್ತು ತಲ್ಲೀ, ಕುಂದ್ರು," ಎಂದಳು ಆಶಮ್ಮ.

"ಒಲ್ಲೆ ಆಯಿ, ಹೋಗ್ತೀನಿ. ಮರಿ ಮಲಗಿಬಿಡ್ತೈತಿ. ದಾರ ಎಳೀಲಿಲ್ಲಂದ್ರ ನಮ್ಮವ್ವ ಅಂಜ್ತಾಳ. ಪಾಪ, ಅಕಿ ಒಬ್ಬಾಕಿನ ಇರ್ತಾಳ."

"ಎಲ್ಲಿ ಹೊಂಟಿದ್ದಿ?" ಹಂಪಮ್ಮನ ಗಂಟಲವರೆಗೆ ಬಂತು. ಅದು ಅವಳ ದನಿಯಲ್ಲ, ಮಕ್ತಲ್‌ನ ದನಿ. ಅವಳು ಅದನ್ನು ನುಂಗಿಕೊಂಡಳು, ಮರಿಯನ್ನು ಎತ್ತಿಕೊಂಡು ಒಳಗೆ ಬಂದು ಮಗ್ಗದಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ಪುಟ್ಟ ಹೆಜ್ಜೆಗಳು ಬಂದವು. ದಾರ ಸಡಿಲವಾಯಿತು, ಬಿಗಿಯಾಯಿತು. ಬೆನ್ನ ಹಿಂದೆ ಸಣ್ಣ ಬೆರಳುಗಳು ಗಂಟು ಬಿಚ್ಚಿ ತನ್ನ ನಡುವಿಗೆ ತಾನೇ ಕಟ್ಟಿಕೊಳ್ಳುವುದು ಅವಳ ಕಾಲ್ಬೆರಳಿಗೆ ಒಂದೊಂದಾಗಿ ತಿಳಿಯುತ್ತಿತ್ತು. ಕೊನೆಗೆ ಎರಡು ಸಲ ಮೆಲ್ಲಗೆ ಎಳೆತ. ಅದೀನಿ, ಅಂಜಬ್ಯಾಡ ಎಂಬಂತೆ.

ಹಂಪಮ್ಮ ಕಾಲು ಮೇಲೆತ್ತಿ ಬೆರಳಿನ ಗಂಟು ಬಿಚ್ಚಿದಳು. ಅಮ್ರಿಯ ಮುಖ ಸಣ್ಣದಾಯಿತು.

"ಯವ್ವಾ, ಸಿಟ್ಟಿಗೆದ್ದ್ಯಾ?"

"ಇಲ್ಲ. ಲಾಳ್ಯಾಗ ಕಂಡಿಕಿ ಮುಗದೈತಿ. ಆಯಿ ಕಡಿಂದ ತರ್ತೀಯೇನು?"

"ನಾನ? ಒಬ್ಬಾಕಿನಾ?"

"ಹೂಂ, ನೀನ."

ಹುಡುಗಿ ಯೋಚಿಸಿತು. "ನೀ ಅಂಜಂಗಿಲ್ಲಾ?"

"ಅಂಜ್ತೀನಿ," ಎಂದಳು ಹಂಪಮ್ಮ. "ಆದ್ರೂ ಹೋಗಿ ಬಾ."

ಅಮ್ರಿ ಹೊಸ್ತಿಲು ದಾಟಿದಳು. ಬೀದಿಯಲ್ಲಿ ಎಮ್ಮೆಗಳು ಬರುತ್ತಿದ್ದವು. ಹಿಂದೆಯೇ ಎದ್ದು ಬಂದ ಹಂಪಮ್ಮನ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು, ಕಾಲು ಮಾತ್ರ ಕದಲಲಿಲ್ಲ. ಧೂಳೆದ್ದು ಮಗಳು ಕಾಣದಾದಳು. ಧೂಳು ಹೊನ್ನಿನ ಬಣ್ಣದ ಸೆರಗಿನ ಹಾಗೆ ತೂಗಾಡಿ ಮೆಲ್ಲಗೆ ಇಳಿದಾಗ, ಅಮ್ರಿ ಆಚೆ ಗೋಡೆಗೆ ಬೆನ್ನು ಹಚ್ಚಿ, ಕೊನೆಯ ಎಮ್ಮೆಯೂ ಹಾಯಲಿ ಎಂದು ಕಾಯುತ್ತ ನಿಂತಿದ್ದಳು.

ಮರಳುವಾಗ ಲಂಗದ ಮಡಿಲ ತುಂಬ ಕಂಡಿಕೆ. ನಡುಬೀದಿಯಲ್ಲಿ ಮಡಿಲು ಜಾರಿ ಎಲ್ಲ ಉರುಳಿದವು. ಹಂಪಮ್ಮನ ಒಂದು ಕಾಲು ಹೊಸ್ತಿಲ ಆಚೆಗೆ ಬಿದ್ದೇ ಬಿಟ್ಟಿತು.

"ನೀ ಬರಬ್ಯಾಡ!" ಅಮ್ರಿ ಕೂಗಿದಳು. "ನಾ ಆರಿಸ್ಕೋತೀನಿ!"

ಹಂಪಮ್ಮ ಕಾಲು ಹಿಂದಕ್ಕೆ ತೆಗೆದುಕೊಂಡು ಹೊಸ್ತಿಲ ಮೇಲೆ ಕೂತಳು. ಮಗಳು ಒಂದೊಂದೇ ಕಂಡಿಕೆ ಎತ್ತಿ, ಉಫ್ ಎಂದು ಧೂಳು ಊದಿ, ಬೆಳಕಿಗೆ ಹಿಡಿದು ನೋಡಿ, ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ತುಂಬ ನಿಧಾನ. ಒಳಗೆ ಮಗ್ಗ ಸುಮ್ಮನೆ ಕಾಯುತ್ತಿತ್ತು. ಕಾಯಲಿ ಬಿಡು ಅಂದುಕೊಂಡಳು ಹಂಪಮ್ಮ.