ನೋಣಯ ಆರಿಸಿಕೊಟ್ಟ ರಿವಾಲ್ವರ್

ಸೌದಿಯ ಉನೈಜಾದ ಯಹ್ಯಾ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ಖರ್ಜೂರದ ತೋಟಗಳಿಗೆ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವ ಅಂಗಡಿ ಅವನದು. ಅಲ್ಲಿ ಫಿಟ್ಟರ್ ಆಗಿದ್ದವನು ಕಾರ್ಕಳದ ಕಡೆಯ ನೋಣಯ, ಪಿಕಪ್ ಓಡಿಸುತ್ತಿದ್ದವನು ಹೆಂಡತಿ ಸಫಿಯಾಳನ್ನು ಊರಲ್ಲಿ ಬಿಟ್ಟು ಬಂದ ಉಪ್ಪಿನಂಗಡಿಯ ಅದ್ದು. ಇಬ್ಬರಿಗೂ ಯಹ್ಯಾನೇ ಕಫೀಲ್, ವೀಸಾ ಕೊಟ್ಟ ಧಣಿ; ಕರೆಯುವುದು ಮುದೀರ್ ಎಂದು. ಇಬ್ಬರ ಪಾಸ್‌ಪೋರ್ಟೂ ಅವನ ಕೈಯಲ್ಲಿ. ಅವನು ಹೂಂ ಅನ್ನದೆ ಯಾರೂ ವಿಮಾನ ಹತ್ತುವಂತಿಲ್ಲ.

ಎರಡು ವರ್ಷಕ್ಕೆಂದು ಬಂದ ನೋಣಯನಿಗೆ ಮೂರು ತುಂಬಿತ್ತು. ಎಂಬತ್ನಾಲ್ಕರ ಆ ಚಳಿಗಾಲದಲ್ಲಿ ಹೆಂಡತಿ ಪುಷ್ಪಾವತಿಯ ಕಾಗದ ಬಂತು. ಎದೆಯ ಗಂಟನ್ನು ತೆಗೆಯಲೇಬೇಕಂತೆ, ಬರುವ ತಿಂಗಳು ಹತ್ತನೇ ತಾರೀಕಿಗೆ ಆಪರೇಷನ್ ಇಟ್ಟಿದ್ದಾರೆ, ಕತ್ತರಿ ಹಾಕುವ ಮೊದಲು ಒಮ್ಮೆ ನಿಮ್ಮ ಮುಖ ನೋಡಬೇಕು ಎಂದು ಬರೆದಿದ್ದಳು. ನೋಣಯ ಕಾಗದವನ್ನು ಯಹ್ಯಾನ ಮುಂದೆ ಹಿಡಿದು, ತನಗೆ ಬರುವ ನಾಲ್ಕು ಅರಬಿ ಮಾತಿನಲ್ಲಿ ಬೇಡಿಕೊಂಡ. ಯಹ್ಯಾ ಆಗ ಎಂಜಿನ್ನಿನ ಎಣ್ಣೆ ನೋಡುತ್ತಿದ್ದ. ಕಾಗದವನ್ನು ತೆಗೆದುಕೊಂಡು, ಎಣ್ಣೆ ಅಳೆಯುವ ಕಡ್ಡಿಯನ್ನು ಅದರಲ್ಲಿ ನಿಧಾನವಾಗಿ ಒರೆಸಿ, ಮುದ್ದೆ ಮಾಡಿ ಎಸೆದ.

"ಬುಕ್ರಾ," ಎಂದ. ನಾಳೆ ಎಂದರ್ಥ. ಅವನ ನಾಳೆ ಒಂದು ವರ್ಷದಿಂದ ಬಂದಿರಲಿಲ್ಲ.

ಅಂದಿನಿಂದ ನೋಣಯನಿಗೆ ಯಹ್ಯಾನನ್ನು ಕಂಡರೆ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಅವನೂ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದ.

ಹೀಗಿರುವಾಗ ಯಹ್ಯಾನಿಗೆ ಒಂದು ಹುಚ್ಚು ಹಿಡಿಯಿತು. ಅವನ ಷಡ್ಡಕ ಶುಕ್ರವಾರಗಳಂದು ಮರಳುಗಾಡಿಗೆ ಹೋಗಿ, ಖಾಲಿ ಡಬ್ಬಗಳನ್ನು ಸಾಲಾಗಿ ಇಟ್ಟು ಹೊಸ ರಿವಾಲ್ವರಿನಿಂದ ಹೊಡೆಯುತ್ತಿದ್ದ. ತನಗೂ ಒಂದು ಬೇಕು. ಆದರೆ ಡಬ್ಬಕ್ಕೆ ಹೊಡೆಯಲು ಹೊಸದೇಕೆ? ಯಾರೋ ಬಳಸಿ ಬಿಟ್ಟದ್ದು ಅಗ್ಗಕ್ಕೆ ಸಿಕ್ಕರೆ ಸಾಕು. ಅದ್ದು ಬಾಯಿ ಹಾಕಿ, ನೋಣಯನ ಮನೆಯಲ್ಲಿ ಅಜ್ಜನ ಕಾಲದಿಂದ ಬೇಟೆಯ ಕೋವಿ ಉಂಟೆಂದು ಹೊಗಳಿದ. ಅದು ಹಂದಿ ಹೊಡೆಯುವ ಕೋವಿ ಎಂಬುದನ್ನು ಮಾತ್ರ ನುಂಗಿಕೊಂಡ. ಯಹ್ಯಾ ಮರುದಿನವೇ ಇಬ್ಬರನ್ನೂ ಹಳೇ ಸಾಮಾನಿನ ಸಂತೆಗೆ ಕರೆದುಕೊಂಡು ಹೋದ.

ಸಂತೆಯ ಹಿಂಬದಿಯಲ್ಲಿ ಒಬ್ಬ ಮುದುಕ ತನ್ನ ಲಾರಿಯೊಳಗೆ ಕಂಬಳಿ ಬಿಚ್ಚಿ ಮೂರು ರಿವಾಲ್ವರ್ ಇಟ್ಟ. ಕಾಗದಪತ್ರ ಯಾವುದಕ್ಕೂ ಇಲ್ಲ. ಮೊದಲನೆಯದು ಭಾರವಾದ, ಒಳ್ಳೆಯ ಮಾಲು; ಬೆಲೆ ಕೇಳಿದ ಕೂಡಲೇ ಯಹ್ಯಾ ಮುಖ ತಿರುಗಿಸಿದ. ಎರಡನೆಯದು ನೋಡಲು ದರಿದ್ರ, ಹಿಡಿಗೆ ದಾರ ಸುತ್ತಿತ್ತು, ನಳಿಗೆಯ ಮೇಲೆ ತುಕ್ಕಿನ ಕಲೆ. ಆದರೆ ಆರು ಗುಂಡು ತುಂಬುವ ಉರುಳೆ ಪ್ರತಿ ಸಲವೂ ಟಕ್ಕೆಂದು ತನ್ನ ಜಾಗದಲ್ಲಿ ಕೂರುತ್ತಿತ್ತು. ಮೂರನೆಯದು ಮದುಮಗಳ ಹಾಗೆ ಮಿಂಚುತ್ತಿತ್ತು. ಎರಡನೆಯದಕ್ಕಿಂತಲೂ ಅಗ್ಗ.

ನೋಣಯ ಅದರ ಗುಂಡಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಉರುಳೆಯ ಮೇಲೆ ಹೆಬ್ಬೆರಳಿಟ್ಟ. ಹಾಲುಹಲ್ಲಿನಂತೆ ಅಲುಗಿತು. ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಬಾಳಿದ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗುಂಡಿನ ತೂತು ನಳಿಗೆಯ ಬಾಯಿಗೆ ನೇರ ಬರುವುದಿಲ್ಲ, ಇಂದಲ್ಲ ನಾಳೆ ಇದು ಕೈಕೊಡುತ್ತದೆ. ಕೆಟ್ಟ ಕೋವಿ ಏನು ಮಾಡುತ್ತದೆಂದು ಅವನು ಕಣ್ಣಾರೆ ಕಂಡಿದ್ದ. ಹಿಂದಕ್ಕೆ ಒಡೆದು, ಹೊಡೆದವನ ಬೆರಳು ಹಾರಿಸುತ್ತದೆ. ಅವನ ಮಾವನ ಬಲಗೈಯಲ್ಲಿ ಎರಡೇ ಬೆರಳು ಉಳಿದಿದ್ದವು.

ಯಹ್ಯಾನ ಬಲಗೈಯನ್ನು ನೋಣಯ ನೋಡಿದ. ಕಾಗದ ಮುದ್ದೆ ಮಾಡಿದ ಕೈ.

"ಇದು ಒಳ್ಳೆಯದು, ಮುದೀರ್. ಇದನ್ನೇ ತೆಗೆದುಕೊಳ್ಳಿ," ಎಂದ.

ಮುದುಕ ಒಂದು ಗಳಿಗೆ ನೋಣಯನನ್ನು ದಿಟ್ಟಿಸಿದ. ಆಮೇಲೆ ಗಡ್ಡ ನೀವಿಕೊಂಡು ಯಹ್ಯಾನಿಗೆ ಹೇಳಿದ, "ನಿನ್ನ ಆಳಿಗೆ ಕಬ್ಬಿಣ ಚೆನ್ನಾಗಿ ಗೊತ್ತಿದೆ." ನೋಣಯನಿಗೆ ಆ ಕ್ಷಣ ಸಂತೋಷವಾಯಿತು. ಸುಳ್ಳು ಹೇಳುವುದೇಕೆ, ಬಹಳ ಸಂತೋಷವೇ ಆಯಿತು.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಊರಾಚೆಯ ಮರಳದಿಬ್ಬಕ್ಕೆ ಹೋದರು. ಅದ್ದು ಹಾಲಿನ ಪುಡಿಯ ಡಬ್ಬಗಳನ್ನು ಸಾಲಾಗಿ ಇಟ್ಟು ಬಂದ. ಯಹ್ಯಾ ಕುಶಾಲಿನಲ್ಲಿದ್ದ. ಜೇಬಿನಿಂದ ನೋಣಯನ ಪಾಸ್‌ಪೋರ್ಟ್ ತೆಗೆದು ಒಂದು ಪುಟ ಬಿಡಿಸಿ ತೋರಿಸಿದ. ಊರಿಗೆ ಹೋಗಿ ಬರುವ ಮುದ್ರೆ ಬಿದ್ದಿತ್ತು. ತಾರೀಕು ನೋಡಿದರೆ ಬಿದ್ದು ಹದಿನೆಂಟು ದಿನ! ಅಷ್ಟು ದಿನವೂ ಅದನ್ನು ಜೇಬಿನಲ್ಲಿಟ್ಟುಕೊಂಡು ಬುಕ್ರಾ ಬುಕ್ರಾ ಎಂದು ಆಟ ನೋಡಿದ್ದ, ಚಂಡಾಲ.

"ಭಾನುವಾರ ಹೊರಡು," ಎಂದು ಯಹ್ಯಾ ನಕ್ಕ. "ನನ್ನ ಹಣ ಉಳಿಸಿದೆ ನೀನು. ಈ ಡಬ್ಬಗಳನ್ನೆಲ್ಲ ಉರುಳಿಸಿದ ಮೇಲೆ ಇದು ನಿನ್ನದು." ಪಾಸ್‌ಪೋರ್ಟ್ ಮತ್ತೆ ಜೇಬಿಗೆ ಹೋಯಿತು.

ನೋಣಯ ಲೆಕ್ಕ ಹಾಕಿದ. ಹತ್ತನೇ ತಾರೀಕಿಗೆ ಇನ್ನು ಆರು ದಿನ. ರಿವಾಲ್ವರ್ ಕೆಟ್ಟದ್ದು ಎಂದರೆ, ಗೊತ್ತಿದ್ದೂ ಯಾಕೆ ಕೊಡಿಸಿದೆ ಎಂದು ಕೇಳುತ್ತಾನೆ. ಮುದ್ರೆ ಬಿದ್ದ ಪುಟವನ್ನು ಕಣ್ಣೆದುರೇ ಹರಿಯುತ್ತಾನೆ. ಹೇಳದಿದ್ದರೆ ಆ ಕೈ ಛಿದ್ರವಾಗುತ್ತದೆ. ಆಮೇಲೆ ಯಾರು ಕೊಡುತ್ತಾರೆ ಪಾಸ್‌ಪೋರ್ಟ್? ಮೂರು ದಿನ ಯಾವ ದೈವಗಳಿಗೆ ಯಹ್ಯಾನ ಕೈ ಹೋಗಲಿ ಎಂದು ಹರಕೆ ಹೊತ್ತಿದ್ದನೋ, ಅದೇ ದೈವಗಳಿಗೆ ಈಗ ಅದೇ ಕೈಯನ್ನು ಕಾಪಾಡಿ ಎಂದು ಮೊರೆಯಿಟ್ಟ.

ಮೊದಲ ಗುಂಡು ಹಾರಿತು. ಡಬ್ಬ ಬೀಳಲಿಲ್ಲ, ಕೈಯೂ ಹೋಗಲಿಲ್ಲ. ಎರಡನೆಯದಕ್ಕೆ ಒಂದು ಡಬ್ಬ ಉರುಳಿತು. ಯಹ್ಯಾ ಹಿರಿಹಿರಿ ಹಿಗ್ಗಿ, ರಿವಾಲ್ವರನ್ನು ಅದ್ದುವಿನ ಕಡೆ ಚಾಚಿದ.

"ಯಲ್ಲಾ, ನೀನೂ ಒಂದು ಹೊಡಿ!"

ಅದ್ದುವಿನ ಮುಖ ಅರಳಿತು. ಕೈ ಮುಂದೆ ಬಂತು. ನೋಣಯ ನಡುವೆ ನುಗ್ಗಿದ. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವನು, ಜ್ವರ ಬಂದಾಗ ಗಂಜಿ ಬೇಯಿಸಿ ಕೊಟ್ಟವನು.

"ಬೇಡ ಅದ್ದು, ಮುಟ್ಟಬೇಡ!" ಎಂದು ತಡೆದ.

"ಎಂತ ನೋಣಯಣ್ಣ, ಒಂದೇ ಒಂದು ಹೊಡಿತೇನೆ ಮಾರಾಯ್ರೆ."

"ಅಭ್ಯಾಸ ಇಲ್ಲದವ ಹೊಡಿಲಿಕ್ಕೆ ಉಂಟಾ? ಅದು ಮುದೀರನದ್ದು, ಅವನೇ ಹೊಡಿಲಿ. ನೀನು ಗುಂಡಿನ ಡಬ್ಬಿ ಹಿಡ್ಕೊಂಡು ಅವನ ಬಗಲಿಗೆ ನಿಲ್ಲು. ಅಲ್ಲಿ ಎಂತ ಸಹ ಆಗುದಿಲ್ಲ."

ಅದ್ದು ಹಿರಿಯರ ಮಾತು ಮೀರುವವನಲ್ಲ. ಡಬ್ಬಿ ಹಿಡಿದು ಯಹ್ಯಾನ ಎಡಗಡೆ ಒಂದು ಮೊಳ ದೂರದಲ್ಲಿ ನಿಂತ. ನೋಣಯ ಅವನ ಭುಜ ಹಿಡಿದು ಇನ್ನೂ ಸರಿಯಾಗಿ ನಿಲ್ಲಿಸಿದ. ಕೋವಿಯ ಹಿಂದೆ ಇರಬಾರದು, ಪಕ್ಕದಲ್ಲಿದ್ದರೆ ಭಯವಿಲ್ಲ. ಅವನಿಗೆ ಗೊತ್ತಿದ್ದದ್ದು ಕೋವಿ. ರಿವಾಲ್ವರ್ ಬೇರೆ ಜಾತಿಯದು ಎಂದು ಯಾರು ಹೇಳಬೇಕಿತ್ತು ಅವನಿಗೆ?

ಮೂರನೆಯ ಗುಂಡಿಗೆ ಉರುಳೆ ನಳಿಗೆಗೆ ಕೂಡಿಕೊಳ್ಳಲಿಲ್ಲ. ಗುಂಡು ಅಂಚಿಗೆ ಬಡಿದು, ಹೆರೆದ ಸೀಸ ಸಂದಿನಿಂದ ಪಕ್ಕಕ್ಕೆ ಸಿಡಿಯಿತು. ಯಹ್ಯಾನ ಕೈಗೆ ಒಂದು ಗೀರೂ ಬೀಳಲಿಲ್ಲ. ಅದ್ದು "ಉಮ್ಮಾ" ಎಂದು ಕೂಗಿ ಮುಖ ಮುಚ್ಚಿಕೊಂಡು ಮರಳಿಗೆ ಬಿದ್ದ. ಬೆರಳುಗಳ ನಡುವಿನಿಂದ ರಕ್ತ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆಸ್ಪತ್ರೆಯಲ್ಲಿ ಬಲಗಣ್ಣು ಉಳಿಯುವುದಿಲ್ಲ ಎಂದರು. ಯಹ್ಯಾ ನೋಣಯನನ್ನು ಹೊರಗೆ ಕರೆದು ಒಂದು ಕಾಗದ ಮುಂದಿಟ್ಟ. ಅಂಗಡಿಯಲ್ಲಿ ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಚೂರು ಹಾರಿತು, ಕನ್ನಡಕ ಹಾಕದ್ದು ಅದ್ದುವಿನದೇ ತಪ್ಪು ಎಂದು ಅರಬಿಯಲ್ಲಿ ಬರೆಸಿದ್ದ. ಬಾಯಲ್ಲಿ ಅರ್ಥ ಹೇಳಿ, ಕೆಳಗಿನ ಜಾಗವನ್ನು ಬೆರಳಿನಿಂದ ತಟ್ಟಿದ. ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟ್ ಇತ್ತು.

ನೋಣಯ ಸಹಿ ಹಾಕಿದ. ತಡ ಕೂಡ ಮಾಡಲಿಲ್ಲ.

ಶನಿವಾರ ಸಂಜೆ ಹೇಳಿ ಹೋಗಲು ಒಳಗೆ ಹೋದಾಗ ಅದ್ದು ಅರ್ಧ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಲಗಿದ್ದ. ದನಿ ಕೇಳಿಯೇ ಕೈ ಚಾಚಿ ನೋಣಯನ ಕೈ ಹಿಡಿದುಕೊಂಡ.

"ಬೇಜಾರು ಮಾಡ್ಬೇಡಿ ನೋಣಯಣ್ಣ. ಆ ಮುದುಕ ನಿಮಗೂ ಟೋಪಿ ಹಾಕಿದ, ನೀವು ಎಂತ ಮಾಡ್ತೀರಿ?"

ನೋಣಯ ಇನ್ನೊಂದು ಕೈಯಿಂದ ಅವನ ಹೊದಿಕೆ ಎಳೆದು ಸರಿಮಾಡಿದ.

"ನೀವು ತಡೆಯದಿದ್ದರೆ ಅದನ್ನು ನಾನೇ ಹೊಡಿತಿದ್ದೆ. ಜೀವವೇ ಹೋಗ್ತಿತ್ತು. ಒಂದು ಕಣ್ಣಿನಲ್ಲಿ ಮುಗೀತು. ಊರಿಗೆ ಹೋದಾಗ ನಮ್ಮ ಮನೆಗೊಮ್ಮೆ ಹೋಗಿ. ನೋಣಯಣ್ಣ ಉಳಿಸಿದ್ದು ಅಂತ ಸಫಿಯಾಳಿಗೆ ನೀವೇ ಹೇಳಿ. ಪುಷ್ಪಕ್ಕನಿಗೆ ಅವಳು ದುವಾ ಮಾಡ್ತಾಳೆ."

ನೋಣಯನ ಗಂಟಲಿಗೆ ಎಲ್ಲವೂ ಬಂತು. ಉರುಳೆ ಅಲುಗಿದ್ದು, ಮುದುಕ ನೋಡಿದ್ದು, ಹಾಕಿದ ಸಹಿ. ಹೇಳಿದರೆ ಅದ್ದು ಕಿರುಚುತ್ತಾನೆ, ಹೊರಗೆ ಪೊಲೀಸರಿದ್ದಾರೆ, ವಿಮಾನ ನಾಳೆ ಬೆಳಿಗ್ಗೆ.

"ಆಯ್ತು ಮಾರಾಯ," ಎಂದ ನೋಣಯ, "ಹೇಳ್ತೇನೆ."