ಉಳಿಸಿಕೊಂಡ ಕೀಲಿ

"ಗಾಳಿ ಬೆಳಕಿನ ವಿಷಯದಲ್ಲಿ ಈ ಮನೆಗೆ ಸಾಟಿಯೇ ಇಲ್ಲ, ನೀವೇ ನೋಡಿ," ಎಂದು ಹಿಂದೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ ಗಂಡಹೆಂಡತಿಯ ಕಡೆ ತಿರುಗಿ ಹೇಳುತ್ತಲೇ ದಲ್ಲಾಳಿ ಬಾಗಿಲು ತಳ್ಳಿದ. ಒಳಗೆ ಕತ್ತಲಿತ್ತು. ಖಾಲಿ ಮನೆಗಳಲ್ಲಿ ಇರುವ ಹೊಸ ಬಣ್ಣದ ವಾಸನೆ ಇರಲಿಲ್ಲ. ಸೋಪಿನ ವಾಸನೆ, ಒಳಗೇ ಒಣಹಾಕಿದ ಬಟ್ಟೆಯ ವಾಸನೆ. ಅವನ ಕೈ ತಾನಾಗಿಯೇ ಗೋಡೆ ತಡವಿ ಸ್ವಿಚ್ಚು ಒತ್ತಿತು. ಮೇಜಿನ ಮೇಲೆ ಬಣ್ಣದ ಪೆನ್ಸಿಲ್ಲುಗಳು, ಕುರ್ಚಿಯ ಬೆನ್ನಿಗೆ ಒಂದು ಪುಟ್ಟ ಸ್ವೆಟರು ಕಂಡವು. ಆದರೂ ಅವನ ಬಾಯಿ ಕೇಳಬೇಕಲ್ಲ! "ಇದು ಹಾಲ್, ಆ ಕಡೆ ಅಡುಗೆಮನೆ, ಈ ಕಡೆ..." ಎಂದು ಅದು ತನ್ನ ಪಾಡಿಗೆ ಹೇಳಿಕೊಂಡು ಹೋಗುತ್ತಿತ್ತು.

ಈ ಕಡೆಯ ಕೋಣೆಯ ಬಾಗಿಲು ತೆರೆಯಿತು. ಒಬ್ಬ ಹೆಂಗಸು ನೈಟಿಯಲ್ಲಿ, ಕೂದಲು ಕೆದರಿಕೊಂಡು ಹೊರಗೆ ಬಂದಳು. ಅವಳು ಕೂಗಲಿಲ್ಲ. ಬಂದದ್ದು ಯಾರು ಎಂದು ಮುಖ ನೋಡಲೂ ಇಲ್ಲ. ನೇರ ಹೋಗಿ ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿ ಕುಕ್ಕರಿಸಿ, ಎರಡೂ ತೋಳು ತಲೆಯ ಮೇಲಿಟ್ಟುಕೊಂಡು, "ಮಗಳು ಸ್ಕೂಲಲ್ಲಿದ್ದಾಳೆ, ಅವಳಿಗೇನೂ ಮಾಡ್ಬೇಡಿ," ಎಂದಳು.

ದಲ್ಲಾಳಿಗೆ ಮನೆ ಯಾವುದು, ಹೆಂಗಸು ಯಾರು, ಎಲ್ಲ ಒಮ್ಮೆಗೇ ತಿಳಿಯಿತು. "ಅಮ್ಮಾ, ನಾನಮ್ಮಾ... ಬ್ರೋಕರ್ರು. ಮಹಡಿ ತಪ್ಪಿ ಬಂದ್ಬಿಟ್ಟೆ. ಮೇಲಿನ ಮನೆ ತೋರಿಸೋದಕ್ಕೆ ಅಂತ..." ಎಂದು ತೊದಲಿದ. ತೋಳುಗಳು ನಿಧಾನವಾಗಿ ಕೆಳಗಿಳಿದವು. ಅವಳು ಅವನ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿ ಇನ್ನೂ ಅಲ್ಲಾಡುತ್ತಿದ್ದ ಕೀಲಿ ಗೊಂಚಲು ನೋಡಿದಳು.

"ಅದು ನಿಮ್ಮ ಹತ್ರ ಯಾಕಿದೆ?"

ಸುಮ್ಮನಿದ್ದರೆ ಎಷ್ಟೋ ಚೆನ್ನಾಗಿತ್ತು. ಇಷ್ಟು ವರ್ಷ ಗಿರಾಕಿಗಳನ್ನು ನಗಿಸಿ ನಗಿಸಿ ಅಭ್ಯಾಸವಾದ ನಾಲಿಗೆ, ಇಲ್ಲಿಯೂ ಬಿಡಲಿಲ್ಲ. "ವಯಸ್ಸಾಯ್ತು ನೋಡಿ, ಮೆಟ್ಟಿಲು ಎಣಿಸೋದೂ ಮರೆತುಹೋಗಿದೆ," ಎಂದು ನಕ್ಕ. ಯಾರೂ ನಗಲಿಲ್ಲ. ಅವಳು ಗೋಡೆ ಹಿಡಿದು ಎದ್ದು ನಿಂತಳು.

"ಇಷ್ಟೇ ಕೀ ಇರೋದು ಅಂತ ಹೇಳಿ ನನ್ನ ಕೈಗೆ ಕೊಟ್ಟಿದ್ರಿ. ನಾನು ಮತ್ತೆ ಮತ್ತೆ ಕೇಳಿದ್ದೆ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. "ಮತ್ತೆ ಮನೆ ಬಿಡ್ಬೇಕು. ಮಗಳಿಗೆ ಏನಂತ ಹೇಳ್ಲಿ ನಾನು?"

ಹೌದು, ಕೇಳಿದ್ದಳು. ನರ್ಸು ಅವಳು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಹಿಂದಿನ ವರ್ಷ ಅವನ ಆಫೀಸಿಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಬಾಡಿಗೆ ಎಷ್ಟು ಎಂದು ಕೇಳುವುದಕ್ಕೂ ಮೊದಲು ಬೀಗದ ವಿಷಯ ಕೇಳಿದ್ದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಹೋದಲ್ಲೆಲ್ಲ ಅವನು ಹುಡುಕಿಕೊಂಡು ಬರುತ್ತಿದ್ದ. ಹಿಂದಿನ ಮನೆಯಲ್ಲಿ ಕಾವಲುಗಾರನೇ ತನ್ನ ಹತ್ತಿರವಿದ್ದ ಕೀಲಿಕೈಯಿಂದ ಬಾಗಿಲು ತೆಗೆದುಕೊಟ್ಟನಂತೆ. ನಾನು ಅವಳ ಗಂಡ ಅಂದನಲ್ಲ, ತೆಗೆಯದೆ ಏನು ಮಾಡಲಿ ಎಂದು ಆಮೇಲೆ ಹೇಳಿದನಂತೆ. ಇದನ್ನೆಲ್ಲ ಕೇಳಿ ದಲ್ಲಾಳಿಯ ಕಣ್ಣಲ್ಲಿ ನಿಜವಾಗಿಯೂ ನೀರು ಬಂದಿತ್ತು. "ನನ್ನ ತಂಗಿ ಅಂದ್ಕೊಳ್ತೀನಿ. ಇನ್ಮೇಲೆ ನೀವು ತೆಗೆದ್ರೆ ಮಾತ್ರ ಆ ಬಾಗಿಲು ತೆಗೆಯೋದು," ಎಂದಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಿರಲಿಲ್ಲ. ಪ್ರತಿ ಮನೆಯದ್ದೂ ಒಂದು ಕೀಲಿಕೈ ಉಳಿಸಿಕೊಳ್ಳುವುದು ಅವನ ಪದ್ಧತಿ. ಬಾಡಿಗೆದಾರ ಬಿಟ್ಟುಹೋದಾಗ ಮಾಲೀಕನಿಗೆ ಕಾಯುವ ತಾಪತ್ರಯವಿಲ್ಲ, ಹೊಸಬರಿಗೆ ಅದೇ ದಿನ ತೋರಿಸಬಹುದು. ಊಟ ಮಾಡಿದ ಮೇಲೆ ಕೈ ತೊಳೆಯುವಷ್ಟು ಸಹಜವಾಗಿ ಆ ಕೀಲಿಕೈ ಅವನ ಗೊಂಚಲಿಗೆ ಸೇರಿತ್ತು.

ಅವಳು ಬರುವ ಮೊದಲು ಆ ಮನೆಯನ್ನು ಎಷ್ಟೋ ಜನಕ್ಕೆ ತೋರಿಸಿದ್ದ. ಇವತ್ತು ಲಿಫ್ಟು ಕೆಟ್ಟಿತ್ತು, ಬಾಯಿ ಮಾತಿನಲ್ಲಿ ಮುಳುಗಿತ್ತು, ಕಾಲುಗಳು ಹಳೆಯ ಬಾಗಿಲಲ್ಲೇ ನಿಂತವು. ಬೆರಳುಗಳು ನೋಡದೆಯೇ ಹಳೆಯ ಕೀಲಿಕೈಯನ್ನೇ ಆರಿಸಿದವು. ಒಳಗಿನ ಚಿಲಕ ಹಾಕಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಹಗಲು ಅವಳು ಮಲಗಿದಾಗ ಮಗಳು ಶಾಲೆಯಿಂದ ತನ್ನದೇ ಕೀಲಿಕೈಯಲ್ಲಿ ಬಾಗಿಲು ತೆಗೆದುಕೊಂಡು ಬರಬೇಕಿತ್ತು. ಚಿಲಕ ಹಾಕುವ ಹಾಗಿರಲಿಲ್ಲ, ಪಾಪ. ಅವಳ ನಿದ್ದೆಯೆಲ್ಲ ಆ ಒಂದು ಬೀಗದ ಮೇಲೆ ನಿಂತಿತ್ತು.

ಗಂಡಹೆಂಡತಿ ಮೇಲಿನ ಮನೆ ನೋಡಲಿಲ್ಲ. ಕೆಳಗೆ ರಸ್ತೆಗೆ ಬಂದ ಮೇಲೆ ಹೆಂಡತಿ ಚೀಲವನ್ನು ಎದೆಗೆ ಒತ್ತಿಕೊಂಡು, "ನಾವು ಮನೆ ತಗೊಂಡ್ರೆ ನಮ್ಮ ಕೀನೂ ಹೀಗೇ ನಿಮ್ಮ ಹತ್ರ ಇರುತ್ತಾ?" ಎಂದು ಕೇಳಿದಳು. ಗಂಡ, "ನಡಿಯೇ," ಎಂದ. ಅವರು ಹೋಗುವವರೆಗೂ ದಲ್ಲಾಳಿ ಅಲ್ಲಿಯೇ ನಿಂತಿದ್ದ.

ಆಫೀಸಿನಲ್ಲಿ ದಲ್ಲಾಳಿಯ ಮಗಳಿದ್ದಳು. ಅಂಗಡಿಯೊಂದರ ಕೆಲಸ ಬಿಟ್ಟು ಅಪ್ಪನ ಜೊತೆಗೇ ಮಾಡುತ್ತೇನೆಂದು ಈ ವರ್ಷ ಬಂದು ಕೂತಿದ್ದವಳು. "ಈ ಕೆಲಸದಲ್ಲಿ ಬುದ್ಧಿಗಿಂತ ಅಭ್ಯಾಸ ದೊಡ್ಡದು ಕಣೇ," ಎಂದು ಅವನು ದಿನಾ ಕೊರೆಯುತ್ತಿದ್ದ. ಗಿರಾಕಿಗಿಂತ ಮುಂಚೆ ಹೋಗಿ ಕಿಟಕಿ ತೆಗೆದಿಡು. ಸೋರುವ ನಲ್ಲಿಯನ್ನು ನೀನೇ ಮೊದಲು ತೋರಿಸು. ಫೋನ್ ಮಾಡಿದವರಿಗೆ ಅವತ್ತೇ ತಿರುಗಿ ಮಾಡು. ಅವಳೂ ಅಪ್ಪನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಈಗ ನಡೆದದ್ದನ್ನು ಅವಳು ಪೂರ್ತಿ ಕೇಳಿದಳು. ಆಮೇಲೆ ಎದ್ದು ಅವನ ಮೇಜಿನ ಕೆಳಗಿನ ಡ್ರಾಯರು ಎಳೆದು, ಅದರಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದಳು. ಹಿತ್ತಾಳೆ, ಉಕ್ಕು, ತುಕ್ಕು ಹಿಡಿದದ್ದು, ದಾರ ಕಟ್ಟಿದ್ದು, ಕೀಲಿಕೈಗಳ ರಾಶಿಯೇ ಬಿತ್ತು.

"ಇವೆಲ್ಲ ಯಾರ ಮನೇವಪ್ಪಾ?"

"ಯಾವತ್ತಾದ್ರೂ ಬೇಕಾಗುತ್ತೆ ಅಂತ..."

"ಯಾರಿಗೆ ಬೇಕಾಗುತ್ತೆ?"

ಅವನು ಮೀಸೆ ತಡವಿಕೊಂಡ. "ನಾನೇನು ಕಳ್ಳನಾ? ಯಾರ ಮನೇಗಾದ್ರೂ ಕಾಲಿಟ್ಟಿದ್ದೀನಾ?"

"ಇವತ್ತು ಇಟ್ರಲ್ಲ."

ಆ ಮಾತು ಮುಖಕ್ಕೆ ರಪ್ಪನೆ ಬಡಿಯಿತು. ಹಾಗೆ ಅಂದಮೇಲೆ ಮಗಳೂ ನೊಂದಳು, ಆದರೆ ಹಿಂದೆಗೆದುಕೊಳ್ಳಲಿಲ್ಲ. "ನಲ್ಲಿ ಬಗ್ಗೆ ಹೇಳಿದ್ರಿ, ಕಿಟಕಿ ಬಗ್ಗೆ ಹೇಳಿದ್ರಿ. ಇದರ ಬಗ್ಗೆ ಯಾಕೆ ಏನೂ ಹೇಳ್ಲಿಲ್ಲ? ನೋಡ್ತಾ ನೋಡ್ತಾ ನನ್ನ ಗೊಂಚಲಲ್ಲೂ ಒಂದೊಂದು ಉಳೀತಿದೆ ಅಪ್ಪಾ," ಎಂದು ಅವನ್ನು ತನ್ನ ಚೀಲದಿಂದ ತೆಗೆದು ಆ ರಾಶಿಯ ಪಕ್ಕದಲ್ಲಿಟ್ಟಳು.

ಮಾರನೆಯ ಬೆಳಿಗ್ಗೆಯೇ ಇಬ್ಬರೂ ಕೀಲಿಕೈಗಳನ್ನು ವಾಪಸು ಕೊಡಲು ಹೊರಟರು. ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿದರೆ ಸಾಕು, ಯಾವ ಬೀದಿ, ಯಾವ ಬಾಗಿಲು, ಒಳಗೆ ಬಲಕ್ಕೇನು ಎಡಕ್ಕೇನು ಎಲ್ಲ ಅವನಿಗೆ ನೆನಪಾಗುತ್ತಿತ್ತು. ಹಿಂದಿನ ದಿನವಾಗಿದ್ದರೆ ಈ ನೆನಪಿಗೆ ಹೆಮ್ಮೆ ಪಡುತ್ತಿದ್ದ. ಈಗ ಇಷ್ಟು ಜನರ ಮನೆಯ ಒಳಗು ತನ್ನ ತಲೆಯಲ್ಲಿ ಇದೆಯಲ್ಲ ಎಂದು ಕೀಲಿಕೈಯನ್ನು ತಟ್ಟನೆ ಮಗಳ ಕೈಗೆ ಕೊಟ್ಟುಬಿಡುತ್ತಿದ್ದ. ಒಬ್ಬ ನಿವೃತ್ತ ಮೇಷ್ಟ್ರು ಗೊಳ್ಳನೆ ನಕ್ಕು, "ಇಟ್ಕೊಳ್ರೀ, ನಾನೇ ಕಳ್ಕೊಂಡಾಗ ನಿಮ್ಮ ಹತ್ರ ಬರ್ತೀನಿ," ಎಂದು ಮರಳಿ ಕೈಗೆ ತುರುಕಲು ಬಂದರು. ಇನ್ನೊಬ್ಬ ಕೀಲಿಕೈ ಇಸಿದುಕೊಂಡು ಬಾಗಿಲು ಹಾಕಿಕೊಂಡ. ಒಂದು ಮನೆಯ ಸೊಸೆ ಅತ್ತೆಯ ಮುಖ ನೋಡಿ, ಆಮೇಲೆ ಇವನನ್ನು ನೋಡಿ, "ನಾವು ಊರಲ್ಲಿ ಇಲ್ಲದಾಗ ಯಾವಾಗ್ಲಾದ್ರೂ ಬಂದಿದ್ರಾ?" ಎಂದು ಕೇಳಿದಳು. "ದೇವರಾಣೆ ಇಲ್ಲಮ್ಮ," ಎಂದ ಅವನು. ನಿಜವನ್ನೇ ಹೇಳಿದ್ದ. ಆದರೆ ಅದನ್ನು ಅವಳು ಯಾಕೆ ನಂಬಬೇಕು ಎಂಬುದಕ್ಕೆ ಅವನ ಹತ್ತಿರ ಯಾವ ಆಧಾರವೂ ಇರಲಿಲ್ಲ.

ನರ್ಸಿನ ಬಾಗಿಲಿಗೆ ಹೋಗಲು ಮಾತ್ರ ಅವನಿಗೆ ಕಾಲು ಏಳಲಿಲ್ಲ. ನಾಳೆ, ನಾಳೆ ಎಂದು ಮುಂದೂಡಿದ. ಅಷ್ಟರಲ್ಲಿ ಆ ಮನೆಯ ಮಾಲೀಕನ ಫೋನ್ ಬಂತು. "ಆಯಮ್ಮ ಖಾಲಿ ಮಾಡ್ತೀನಿ ಅಂತಿದ್ದಾರಲ್ರೀ. ಯಾಕೆ ಅಂದ್ರೆ ಬಾಯೇ ಬಿಡ್ತಿಲ್ಲ. ಬೇರೆಯವರನ್ನ ನೋಡಿಡಿ. ಒಂದು ಕೀ ನಿಮ್ಮ ಹತ್ರ ಇದ್ದೇ ಇರುತ್ತಲ್ಲ!" ಅವನು ಫೋನಿಟ್ಟ. ಮಗಳು ತಲೆಯೆತ್ತಿ ನೋಡಿದಳು.

"ನೀನೂ ಬರ್ತೀಯಾ?"

"ಇಲ್ಲಪ್ಪಾ. ಇದಕ್ಕೆ ನೀವೊಬ್ರೇ ಹೋಗ್ಬೇಕು."

ಮಧ್ಯಾಹ್ನ ಅವನು ಮೆಟ್ಟಿಲು ಹತ್ತಿ ಹೋದ. ಬಾಗಿಲಲ್ಲಿ ಹೊಸ ಬೀಗ ಕೂತಿತ್ತು. ಹಳೆಯ ಬೀಗದ ಕಂಪನಿಯದೇ, ಹೊಳೆಯುತ್ತಿತ್ತು; ಸುತ್ತ ಮರ ಕೊರೆದ ಪುಡಿ ಇನ್ನೂ ಹೋಗಿರಲಿಲ್ಲ. ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಒಳಗೆ ಹೆಜ್ಜೆಯ ಸದ್ದು ಬಾಗಿಲವರೆಗೂ ಬಂದು ನಿಂತಿತು. ಅವಳು ತೆರೆಯಲಿಲ್ಲ.

"ನಾನಮ್ಮಾ. ತಪ್ಪಾಯ್ತು ಅಂತ ಹೇಳೋಕೆ ಬಂದೆ. ಆ ಕೀ ಕೊಟ್ಟು ಹೋಗ್ತೀನಿ. ಬೀಗ ಬದಲಾಯಿಸಿದ್ದು ಒಳ್ಳೇದಾಯ್ತು. ಇನ್ನು ಭಯ ಇಲ್ಲ. ಇದು ಒಳ್ಳೆ ಗಟ್ಟಿ ಬೀಗ."

"ಬೀಗದವನೂ ಹಾಗೇ ಅಂದ," ಎಂದಿತು ಒಳಗಿನ ಧ್ವನಿ. "ಅವತ್ತು ನೀವೂ ಹಾಗೇ ಅಂದಿದ್ರಿ ಅಣ್ಣಾ."

ಕೆಳಗಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದರು.

"ರಾತ್ರಿಯೆಲ್ಲ ಡ್ಯೂಟಿ ಮಾಡಿ ಬರ್ತೀನಿ. ಹಗಲು ಇಲ್ಲೇ ನೆಲದ ಮೇಲೆ ಕೂತು ಈ ಬಾಗಿಲನ್ನೇ ನೋಡ್ತಿರ್ತೀನಿ. ಅವತ್ತಿನಿಂದ ಕಣ್ಣು ಮುಚ್ಚಿಲ್ಲ. ನಿನ್ನೆ ಒಬ್ಬ ರೋಗಿಗೆ ಔಷಧಿ ಬದಲು ಮಾಡಿ ಕೊಡೋಳಿದ್ದೆ, ಪಕ್ಕದವಳು ಕೈ ಹಿಡಿದಳು. ಮಗಳು ಈ ಸ್ಕೂಲು ಬಿಡಲ್ಲ ಅಂತ ಅಳ್ತಾಳೆ. ಎಲ್ಲಿಗಂತ ಹೋಗ್ಲಿ? ಅಲ್ಲೂ ಒಬ್ರು ಬ್ರೋಕರ್ ಇರ್ತಾರೆ."

"ಏನು ಮಾಡ್ಲಮ್ಮಾ ನಾನು? ಹೇಳಿ, ಮಾಡ್ತೀನಿ. ಕೀ ಬಾಗಿಲ ಕೆಳಗೆ ತಳ್ಲಾ?"

ಒಳಗೆ ಅವಳು ಹೊಸ ಬೀಗದ ಹಿಡಿಕೆ ಅಲ್ಲಾಡಿಸಿ ನೋಡಿದ ಸದ್ದಾಯಿತು.

"ಬೇಡ," ಎಂದಳು ಆಮೇಲೆ. "ಬೀಗಕ್ಕೆ ಹಾಕಿ."

"ಏನಂದ್ರಿ?"

"ಹಾಕಿ, ತಿರುಗಿಸಿ. ತೆಗೆಯೋಕಾಗುತ್ತಾ ನೋಡಿ."

ಅವನು ಜೇಬಿನಿಂದ ಹಳೆಯ ಕೀಲಿಕೈ ತೆಗೆದ. ಅದು ಹೊಸ ಬೀಗದ ಒಳಗೆ ಸರಾಗವಾಗಿ ಹೋಯಿತು. ತಿರುಗಿಸಿದ. ತಿರುಗಲಿಲ್ಲ.

"ಆಗ್ತಿಲ್ಲಮ್ಮಾ."

"ಸುಮ್ಮನೆ ಹಾಗೆ ಮುಟ್ಟಿ ಬಿಡ್ಬೇಡಿ. ನನ್ನ ಗಂಡ ಬಂದ್ರೆ ಹಾಗೆ ಮಾಡಲ್ಲ. ಜೋರಾಗಿ ತಿರುಗಿಸಿ."

ದಲ್ಲಾಳಿ ಭುಜ ಬಾಗಿಲಿಗೆ ಕೊಟ್ಟು ತಿರುಗಿಸಿದ. ಹಿಡಿಕೆ ಅಲ್ಲಾಡಿಸಿದ. ಬಾಗಿಲು ಚೌಕಟ್ಟಿನಲ್ಲಿ ಧಡಧಡ ಬಡಿದುಕೊಂಡಿತು. "ಇನ್ನೂ," ಎಂದಳು ಅವಳು. ಮತ್ತೆ ತಿರುಗಿಸಿದ. ಹೆಬ್ಬೆರಳಿನ ಚರ್ಮ ಕೆಂಪಾಯಿತು. ಎದುರು ಮನೆಯ ಬಾಗಿಲು ತೆರೆದು ಒಬ್ಬ ಹಿರಿಯರು ಇಣುಕಿದರು. ಅವರಿಗೂ ಇವನೇ ಮನೆ ಕೊಡಿಸಿದ್ದ, ಆ ಕಟ್ಟಡದಲ್ಲಿ ಇವನಿಗೆ ನಮಸ್ಕಾರ ಹೇಳದವರಿರಲಿಲ್ಲ.

"ಏನ್ರೀ ಇದು? ಹೆಂಗಸೊಬ್ಬಳೇ ಇರೋ ಮನೆ ಬಾಗಿಲನ್ನ ಹೀಗಾ ಒಡೆಯೋದು?"

ಹೇಳಬಹುದಿತ್ತು. ಅವರೇ ಕೇಳಿದ್ದು ಸಾರ್ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಬೇಕಾದರೆ ಅವಳ ಕಥೆ ಹೇಳಬೇಕಿತ್ತು. ಅವನು ಹಲ್ಲು ಕಚ್ಚಿ ತಲೆ ತಗ್ಗಿಸಿ ಮತ್ತೆ ಕೀಲಿಕೈ ತಿರುಗಿಸಿದ. ಹಿರಿಯರು, "ಥೂ, ಇವನ ಮೇಲೆ ಎಂಥ ಗೌರವ ಇಟ್ಕೊಂಡಿದ್ದೆ," ಎಂದು ಕೇಳುವಂತೆಯೇ ಹೇಳಿ ಒಳಗೆ ಹೋದರು.

"ನಿಲ್ಲಿಸ್ಬೇಡಿ," ಎಂದಳು ಒಳಗಿನವಳು. ಧ್ವನಿ ಈಗ ಕೆಳಗಿನಿಂದ ಬರುತ್ತಿತ್ತು, ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತಿರಬೇಕು. "ನಾನು ಸಾಕು ಅನ್ನೋವರೆಗೂ."

ಅವನು ತಿರುಗಿಸಿದ. ಬಿಟ್ಟು ಉಸಿರೆಳೆದುಕೊಂಡು ಮತ್ತೆ ತಿರುಗಿಸಿದ. ಜೀವಮಾನದಲ್ಲಿ ಒಂದು ಬಾಗಿಲು ತೆರೆಯದಿರಲಿ ಎಂದು ಅವನು ಹೀಗೆ ಬೇಡಿಕೊಂಡಿರಲಿಲ್ಲ. ಕೈ ಸೋತು ಬಂತು. ಬಲಗೈ ಬಿಟ್ಟು ಎಡಗೈಯಲ್ಲಿ ಹಿಡಿದ. ಮೊದಮೊದಲು ಒಳಗಿನಿಂದ ಆಗಾಗ "ಹ್ಞೂಂ" ಎಂಬ ಸದ್ದು ಬರುತ್ತಿತ್ತು. ಆಮೇಲೆ ಅದೂ ಬರಲಿಲ್ಲ.

"ಸಾಕಾ ಅಮ್ಮಾ?" ಎಂದು ಮೆಲ್ಲಗೆ ಕೇಳಿದ.

ಅವನು ಬಗ್ಗಿ ಬಾಗಿಲ ಕೆಳಭಾಗಕ್ಕೆ ಕಿವಿಗೊಟ್ಟ. ಮರದ ಆಚೆ, ಅವನ ಮೊಣಕಾಲಿನಷ್ಟು ಎತ್ತರದಲ್ಲಿ, ಉಸಿರಾಟ ಕೇಳಿಸುತ್ತಿತ್ತು. ಭಾರವಾದ, ಒಂದೇ ಸಮನಾದ, ದಣಿದು ಮಲಗಿದವರ ಉಸಿರಾಟ. ಕೀಲಿಕೈ ಹೊರಗೆಳೆದರೆ ಸದ್ದಾದೀತು ಎಂದು ಅವನು ಅದನ್ನು ಎಳೆಯಲಿಲ್ಲ, ಕೈಯನ್ನೂ ಬಿಡಲಿಲ್ಲ. ಹಾಗೆಯೇ, ಬಾಗಿಲಿಗೆ ಹಣೆ ತಾಗಿಸಿಕೊಂಡು, ಅಲುಗಾಡದೆ ನಿಂತ.