ಮಿರಮಿರ ಮಿಂಚುವ ಸೌಟು

ಆ ಮನೆಗೆ ಇಬ್ಬರು ಅಳಿಯಂದಿರು. ದೊಡ್ಡವನು ಮರದ ಸಾಮಾನಿಗೆ ಪಾಲೀಶು ಹಾಕುವವನು, ಚಿಕ್ಕವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಮಾವ ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಶಾಲೆ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಕಾಫಿ ತಡವಾದರೆ ಅದು ಒಮ್ಮೆ ಕೂಗುತ್ತಿತ್ತು. "ಇಲ್ಲಿ ಯಾರೂ ಮೂರನೇ ಕ್ಲಾಸಿನವರಿಲ್ಲ" ಎಂದು ಅತ್ತೆ ಅಡುಗೆಮನೆಯಿಂದ ಹೇಳಿದ ಮೇಲೆ ಸುಮ್ಮನಾಗುತ್ತಿತ್ತು.

ಬಿಸಿಲು ಹದವಾಗಿರುವ ಭಾನುವಾರಗಳಲ್ಲಿ ಇಡೀ ಸಂಸಾರ ಬಾಡಿಗೆ ವ್ಯಾನು ಹತ್ತಿ ಊರಾಚೆಯ ಹೊಳೆದಂಡೆಗೆ ಹೋಗುವುದು, ಅಲ್ಲೇ ಒಲೆ ಹೂಡಿ ಬೇಯಿಸಿ ತಿನ್ನುವುದು, ಕತ್ತಲಾಗುವುದರೊಳಗೆ ಮನೆ ಸೇರುವುದು ಆ ಮನೆಯ ರೂಢಿ. ಅದಕ್ಕೂ ಮಾವನ ಶಿಸ್ತಿತ್ತು. ಒಲೆಯ ಹತ್ತಿರ ಒಬ್ಬನೇ ಇರಬೇಕು, ಉಳಿದವರು ಕೈಹಾಕಕೂಡದು. ಬೆಂದದ್ದನ್ನು ಮೊದಲು ಸೌಟಿನಿಂದಲೇ ಮಾವ ರುಚಿ ನೋಡಬೇಕು, ಆಮೇಲೆ ಸೀಟಿ, ಆಮೇಲೆ ಊಟ. ಮದುವೆಯಾದ ಲಾಗಾಯ್ತು ಆ ಒಬ್ಬ ಎಂದರೆ ದೊಡ್ಡಳಿಯ. ಅವನ ಸರಂಜಾಮು ಬೆಂಕಿಪೊಟ್ಟಣ, ತಳ ಮಸಿ ಹಿಡಿದ ಪಾತ್ರೆ ಮತ್ತು ಅಲ್ಲೇ ಸಿಗುವ ಮೂರು ಕಲ್ಲು, ಇಷ್ಟೇ. ಹೊಗೆಗೆ ಕಣ್ಣು ಕೆಂಪಾಗಿ, ಊದಿ ಊದಿ ಕೆನ್ನೆ ನೋಯುವಾಗ ಹಿಂದಿನಿಂದ ಮಾವನ ದನಿ ಬರುತ್ತಿತ್ತು. "ಬೆಂಕಿ ಅಂದ್ರೆ ನಮ್ಮ ದೊಡ್ಡಳಿಯಂದಿರದು." ತನ್ನ ಪಾಲೀಶಿನ ಅಂಗಡಿಯಲ್ಲಿ ವರ್ಷವಿಡೀ ಯಾರೂ ಅವನಿಗೆ ಅಂಥದೊಂದು ಮಾತು ಹೇಳುತ್ತಿರಲಿಲ್ಲ. ಮೇಜು ಹೊಳೆದರೆ ಜನ ಹೊಗಳುವುದು ಮೇಜನ್ನು.

ಚಿಕ್ಕಳಿಯ ಮನೆಗೆ ಬಂದ ಹೊಸದರಲ್ಲಿ ಪಾತ್ರೆ ತೊಳೆದುಕೊಡುತ್ತಿದ್ದ. ಅಷ್ಟರ ಮಟ್ಟಿಗೆ ದೊಡ್ಡಳಿಯನಿಗೆ ಅವನ ಮೇಲೆ ಪ್ರೀತಿಯೇ ಇತ್ತು. ಆಮೇಲೊಂದು ಭಾನುವಾರ ಅವನು ವ್ಯಾನಿನಿಂದ ಇಳಿದವನೇ ಹುಲ್ಲಿನ ಮೇಲೆ ಕ್ಯಾನ್ವಾಸಿನ ಒಂದು ಸುರುಳಿ ಬಿಚ್ಚಿದ. ಆಪರೇಷನ್ ಥಿಯೇಟರಿನ ಟ್ರೇಯಂತೆ ಒಂದೊಂದು ಜೇಬಿನಲ್ಲಿ ಒಂದೊಂದು ಸಾಮಾನು: ದಪ್ಪ ಅಲಗಿನ ಚಾಕು, ಮಡಚುವ ಗರಗಸ, ಪಾತ್ರೆ ತೂಗುಹಾಕಲು ಸರಪಳಿ, ಅದಕ್ಕೆ ಮೂರು ಕಾಲು, ಹೊಳೆ ನೀರನ್ನು ಸೋಸಿಕೊಡುವ ಚೀಲ, ಪೆನ್ಸಿಲ್ಲಿನಂಥ ಒಂದು ಕಪ್ಪು ಕಡ್ಡಿ. ಚಾಕುವಿನ ಬೆನ್ನಿನಿಂದ ಕಡ್ಡಿಯನ್ನು ಸರ್ರನೆ ಕೆರೆದ. ಕಿಡಿಯ ಮಳೆ ಸುರಿದು ತರಗು ಹೊತ್ತಿಕೊಂಡಿತು.

ಅತ್ತೆ ಚಪ್ಪಾಳೆ ತಟ್ಟಿದರು. ಮಾವ ಬಗ್ಗಿ ನೋಡಿ, "ಊದಲೇ ಇಲ್ಲ!" ಎಂದರು.

"ಊದೋ ಹಾಗೇ ಇಲ್ಲ ಮಾವ," ಎಂದ ಚಿಕ್ಕಳಿಯ.

ದೊಡ್ಡಳಿಯನ ಕೈ ಜೇಬಿನೊಳಗೆ ಬೆಂಕಿಪೊಟ್ಟಣವನ್ನು ಹಿಡಿದುಕೊಂಡೇ ಇತ್ತು. ಅದು ಅಲ್ಲಿಯೇ ಚಪ್ಪಟೆಯಾಯಿತು. "ಮಳೆ ಬಂದ್ರೆ ಈ ಆಟ ನಡೆಯಲ್ಲ" ಎಂದ. "ಮಳೇಲೂ ಹತ್ತುತ್ತೆ ಭಾವ, ಅದಕ್ಕೇ ಇರೋದು ಇದು" ಎಂದು ಚಿಕ್ಕಳಿಯ ವಿನಯದಿಂದ ಹೇಳಿದ. ಆ ವಿನಯವನ್ನು ಸಹಿಸುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಸೊಕ್ಕಿನವನಾಗಿದ್ದರೆ ದ್ವೇಷಿಸಲು ಎಷ್ಟು ಅನುಕೂಲವಾಗುತ್ತಿತ್ತು!

ಇಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಊಟವಾದ ಮೇಲೆ ಚಿಕ್ಕಳಿಯ ಬಿದ್ದ ಕೊಂಬೆಯೊಂದನ್ನು ಹಿಡಿದು ಕೆತ್ತುತ್ತ ಕೂತ. ಸಂಜೆ ಹೊರಡುವ ಹೊತ್ತಿಗೆ ಅದು ಸೌಟಾಗಿತ್ತು. ಸೌಟೆಂದರೆ, ಹಿಡಿ ಸೊಟ್ಟ, ಬಟ್ಟಲು ಒಂದು ಕಡೆ ದಪ್ಪ, ಮೈಯೆಲ್ಲ ಚಾಕುವಿನ ಗೆರೆ. ಮಾವ ಅದನ್ನು ಮನೆಗೆ ಒಯ್ದು ಅಡುಗೆಮನೆಯ ಮೊಳೆಗೆ ನೇತುಹಾಕಿದರು. ಬಂದವರಿಗೆಲ್ಲ ಕೈಯಲ್ಲಿ ಕೊಟ್ಟು, "ಹೇಳಿ ನೋಡೋಣ, ಇದನ್ನ ಮಾಡಿದ್ದು ಯಾರು?" ಎಂದು ಕೇಳತೊಡಗಿದರು.

ಬೆಂಕಿ ಹೋದರೆ ಹೋಯಿತು, ಆದರೆ ಮರ! ಆ ಮನೆಯಲ್ಲಿ ಮರವೆಂದರೆ ತಾನು ಎಂದು ದೊಡ್ಡಳಿಯ ನಂಬಿದ್ದ. ಮಾವ ಕೂರುವ ಕುರ್ಚಿಗೆ, ಅತ್ತೆಯ ಬೀರುವಿಗೆ, ಕೊನೆಗೆ ಆ ಮೊಳೆ ಹೊಡೆದ ಹಲಗೆಗೂ ಪಾಲೀಶು ಹಾಕಿದ್ದು ಅವನೇ. ಅದರ ಮೇಲೆ ಈಗ ಆ ಸೊಟ್ಟ ಸೌಟು ನೇತಾಡುತ್ತಿತ್ತು.

"ಅದೊಂದು ಸೌಟೇನೇ? ಮರ ಕಣ್ಣೀರು ಹಾಕ್ತಿದೆ" ಎಂದ ಹೆಂಡತಿಗೆ.

"ಮರಕ್ಕೇನೂ ಆಗಿಲ್ಲ ರೀ. ಹೊಟ್ಟೆ ಉರೀತಿರೋದು ನಿಮಗೆ."

"ನನಗ್ಯಾಕೆ? ನಾನು ಕಸಬಿನ ಮಾತು ಹೇಳ್ದೆ."

"ಹೂಂ, ಕಸಬಿನ ಮಾತನ್ನ ನಿದ್ದೇಲೂ ಹೇಳ್ತೀರಾ?"

ಅವನ ಅಂಗಡಿ ಉದ್ದನೆಯ ಒಂದು ಕೋಣೆ. ಒಳಗೆ ಕಾಲಿಟ್ಟರೆ ಸ್ಪಿರಿಟ್ಟು, ಅರಗು, ಮರದ ಪುಡಿಗಳ ವಾಸನೆ ಮೂಗಿಗೆ ಹೊಡೆಯುತ್ತದೆ. ಅವನ ಸಂಪಾದನೆಯ ಅರ್ಧ ಬರುವುದು ಬಿಸಿ ಲೋಟಗಳಿಂದ. ಅರಗಿನ ಪಾಲೀಶು ಕನ್ನಡಿಯಂತೆ ಹೊಳೆಯುತ್ತದೆ, ಆದರೆ ಬಿಸಿಗೂ ಒದ್ದೆಗೂ ಆಗಿಬರುವುದಿಲ್ಲ. ಯಾರೋ ಮೇಜಿನ ಮೇಲೆ ಬಿಸಿ ಚಹಾದ ಲೋಟ ಇಡುತ್ತಾರೆ, ಬಿಳಿಯ ಉಂಗುರ ಮೂಡುತ್ತದೆ, ಮೇಜು ಇವನಲ್ಲಿಗೆ ಬರುತ್ತದೆ. "ಬಿಸಿ ಇಡಬೇಡಿ, ಬಿಸಿ ಇಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು?" ಎಂದು ಗಿರಾಕಿಗಳನ್ನು ಗದರುವುದರಲ್ಲಿ ಅವನಿಗೆ ಇಡೀ ಪೇಟೆಯಲ್ಲಿ ಹೆಸರಿತ್ತು.

ಅಂಥವನು ಮೇಜಿನ ಕಾಲಿನದೊಂದು ತುಂಡು ಹುಡುಕಿ ಸೌಟು ಮಾಡಲು ಕೂತ. ಹಿಡಿ ಬಾಣದಂತೆ ನೇರ, ಬಟ್ಟಲು ಅಳೆದಿಟ್ಟಂತೆ ದುಂಡಗೆ. ಒರಟು ಕಾಗದದಿಂದ ಉಜ್ಜಿ, ನಯ ಕಾಗದದಿಂದ ಉಜ್ಜಿ, ಕೆನ್ನೆಗೆ ಒತ್ತಿ ನೋಡಿ, ಮತ್ತೆ ಉಜ್ಜಿದ. ಅಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಅಪ್ಪಟ ಸೌಟು. ಆದರೆ ಹೊಳಪಿಲ್ಲದ ಮರವನ್ನು ಕೈಯಿಂದ ಕೆಳಗಿಡುವ ಅಭ್ಯಾಸ ಆ ಕೈಗಿರಲಿಲ್ಲ. ಅದರ ಮೇಲೆ, ಕಣ್ಣೆದುರಿಗೆ ಆ ಸೊಟ್ಟ ಸೌಟು ಹಗಲೂ ರಾತ್ರಿ ತೂಗುತ್ತಿತ್ತು. ಹತ್ತಿಯ ಉಂಡೆಯನ್ನು ಪಾಲೀಶಿನಲ್ಲಿ ಅದ್ದಿ ಒಂದು ಕೈ ಹಾಕಿದ, ಒಣಗಿಸಿ ಇನ್ನೊಂದು ಕೈ ಹಾಕಿದ, ಬಟ್ಟಲಿನೊಳಗೆ ತನ್ನ ಮೂಗು ಕಾಣಿಸುವವರೆಗೂ ಬಿಡಲಿಲ್ಲ. ಈ ಸೌಟು ಏತಕ್ಕೆ ಎಂದು ಅವನು ಒಮ್ಮೆಯೂ ಯೋಚಿಸಲಿಲ್ಲ. ಯಾರ ಸೌಟಿನ ಎದುರಿಗೆ ಎಂಬುದಷ್ಟೇ ಅವನ ತಲೆಯಲ್ಲಿತ್ತು.

ಮುಂದಿನ ಸಲ ಹೊಳೆದಂಡೆಯಲ್ಲಿ ಅವನು ಅದನ್ನು ಮೆತ್ತನೆಯ ಬಟ್ಟೆಯಿಂದ ಬಿಚ್ಚಿ ಮಾವನ ಕೈಗಿಟ್ಟ. ಮಾವ ಅತ್ತಿತ್ತ ತಿರುಗಿಸಿ ನೋಡಿ, "ಇದು ಸೌಟೋ, ಆಭರಣವೋ!" ಎಂದರು. ಚಿಕ್ಕಳಿಯ ಕನ್ನಡಕ ಏರಿಸಿ ಬಾಗಿದ. "ಭಾವ, ಇದರಲ್ಲಿ ನನ್ನ ಮುಖ ಕಾಣ್ತಿದೆ! ನನ್ನದು ಇದರ ಮುಂದೆ ಸೌದೆ."

ಮನಸಾರೆ ಹೊಗಳಿದ್ದ. ದೊಡ್ಡಳಿಯನಿಗೆ ಅದರಲ್ಲೂ ಕೊಂಕು ಹುಡುಕಬೇಕಾಯಿತು, ಸಿಗಲಿಲ್ಲ.

ಮಾವ ಸೀಟಿ ಊದಿದರು. "ಕೇಳಿ ಎಲ್ಲರೂ. ಇವತ್ತು ಬೆಂಕಿ, ನೀರು ಚಿಕ್ಕಳಿಯಂದಿರದು. ಅಡುಗೆ ದೊಡ್ಡಳಿಯಂದಿರದು. ರುಚಿ ನೋಡಿ ಹೇಳ್ತೀನಿ, ಇನ್ನು ಮುಂದೆ ಒಲೆ ಯಾರ ಕೈಲಿ ಅಂತ. ಹೀಗೆ ಇಬ್ಬಿಬ್ಬರು ಅಡ್ಡಾಡಿದರೆ ಸಾಲು ಕೆಡುತ್ತೆ."

ಕಿಡಿ ಹಾರಿತು, ಸರಪಳಿಯಲ್ಲಿ ಪಾತ್ರೆ ತೂಗಿತು, ಸೋಸಿದ ನೀರು ಬಿತ್ತು. ದೊಡ್ಡಳಿಯ ಆಲೂಗಡ್ಡೆ, ಕ್ಯಾರೆಟ್ಟು, ಬೀನ್ಸು, ಈರುಳ್ಳಿ ಹೆಚ್ಚಿ ಹಾಕಿ ಸೂಪು ಕುದಿಸಿದ. ಉಪ್ಪು ಹದವಾಗಿತ್ತು, ಮೆಣಸು ಹದವಾಗಿತ್ತು. ಕುದಿಯುವಷ್ಟು ಹೊತ್ತೂ ಆ ಸೌಟಿನಿಂದ ತಿರುವುತ್ತಲೇ ಇದ್ದ. ಹಿಡಿ ಮೇಲೆ ಬಿಸಿಲು ಬಿದ್ದು ಫಳಫಳ ಹೊಳೆಯುವುದನ್ನು ಎಲ್ಲರೂ ನೋಡಲಿ ಎಂದು ತುಸು ಎತ್ತರಕ್ಕೇ ಎತ್ತಿ ತಿರುವುತ್ತಿದ್ದ. ಪಾತ್ರೆಯೊಳಗೆ ಏನಾಗುತ್ತಿದೆ ಎಂದು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ.

ಮಾವ ಬಂದು ಸೌಟಿನಲ್ಲಿ ಸೂಪು ತೆಗೆದು, ಆರಿಸಿ, ಒಂದು ಗುಟುಕು ಕುಡಿದರು. ಮುಖ ಹರಳೆಣ್ಣೆ ಕುಡಿದಂತಾಯಿತು.

"ಏನ್ರೀ?" ಎಂದರು ಅತ್ತೆ.

"ಹೊಸ ಬೀರು ಬಾಗಿಲು ತೆಗೆದ ಹಾಗಿದೆ," ಎಂದರು ಮಾವ.

ದೊಡ್ಡಳಿಯ ಪಾತ್ರೆಯೊಳಗೆ ಇಣುಕಿದ. ಅಂಚಿನಲ್ಲಿ ತೆಳ್ಳಗೆ ಅಂಟಿನಂಥದ್ದು ಸುತ್ತುತ್ತಿತ್ತು. ಅದೇನೆಂದು ಅವನ ಮೂಗಿಗೇ ಮೊದಲು ತಿಳಿಯಿತು. ಅಷ್ಟರಲ್ಲಿ ಚಿಕ್ಕಳಿಯ ಮುಂದೆ ಬಂದ.

"ಮಾವ, ಅದು ನನ್ನ ತಪ್ಪು. ನೀರಿನ ಚೀಲ ಹೊಸದು, ವಾಸನೆ ಹೋಗೋವರೆಗೂ ತೊಳೀಬೇಕಿತ್ತು. ಭಾವ ಪಾಪ, ಚೆನ್ನಾಗೇ ಮಾಡಿದಾರೆ."

ಹೇಳುವಾಗ ಅವನ ಕಣ್ಣು ಒಮ್ಮೆ ಸೌಟಿನ ಕಡೆ ಹೋಗಿ ಬಂತು. ಅವನಿಗೆ ಎಲ್ಲ ಗೊತ್ತಾಗಿತ್ತು. ದಿನವಿಡೀ ಜನರ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವವನಿಗೆ ಇಷ್ಟು ಕಾಣದಿರುತ್ತದೆಯೇ?

ಮಾವ ಬಾಯಿ ಮುಕ್ಕಳಿಸಿ, ಅವನ ಬೆನ್ನು ತಟ್ಟಿದರು. "ನೋಡಿ, ಕೇಳೋದಕ್ಕೆ ಮುಂಚೆ ಒಪ್ಕೊಂಡ್ರು. ಶಾಲೇಲಿ ಇಷ್ಟು ವರ್ಷದಲ್ಲಿ ಇಂಥದ್ದನ್ನ ನೋಡಿಲ್ಲ. ಒಲೆ ಇಂಥವರ ಕೈಲೇ ಇರಬೇಕು."

ಬೇರೆ ಯಾರೇ ಆಗಿದ್ದರೂ ಮಾನ ಉಳಿಯಿತೆಂದು ಸುಮ್ಮನಿರುತ್ತಿದ್ದರು. ದೊಡ್ಡಳಿಯನಿಂದ ಅದಾಗಲಿಲ್ಲ. ಬೆಂಕಿಯನ್ನು ಕಿತ್ತುಕೊಂಡ, ಮರವನ್ನು ಕಿತ್ತುಕೊಂಡ, ಈಗ ತನ್ನ ಸ್ವಂತ ತಪ್ಪನ್ನೂ ಕಿತ್ತುಕೊಂಡು ಅದರ ಮೇಲೆ ಶಭಾಸ್‌ಗಿರಿ ಹೊಡೆಯುತ್ತಿದ್ದಾನೆ!

"ನೀರಿನದಲ್ಲ!" ಎಂದು ಅರಚಿದ. "ಅವನ ನೀರಿನದೇನೂ ತಪ್ಪಿಲ್ಲ. ತಪ್ಪು ನಂದು. ಪೂರ್ತಿ ನಂದೇ!" ಎಂದು ಸೌಟನ್ನು ಎಲ್ಲರ ಮುಂದೆ ಎತ್ತಿ ಹಿಡಿದ. ಬಟ್ಟಲು ಸುಣ್ಣ ಬಳಿದಂತೆ ಬಿಳಿಚಿಕೊಂಡು, ಅಲ್ಲಲ್ಲಿ ಬೊಬ್ಬೆ ಎದ್ದಿತ್ತು.

ಅವನ ಹೆಂಡತಿ ಹತ್ತಿರ ಬಂದು ನೋಡಿದಳು. "ರೀ, ಬಿಸಿ ಇಡಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು?"

ಮೊದಲು ನಕ್ಕವರು ಅತ್ತೆ. ಆಮೇಲೆ ಚಿಕ್ಕಳಿಯನ ಹೆಂಡತಿ. ಮಾವ ನಗು ತಡೆಯಲು ಸೀಟಿಯನ್ನು ಬಾಯಿಗಿಟ್ಟುಕೊಂಡರು, ನಗು ಸೀಟಿಯೊಳಗಿಂದಲೇ ಹೊರಬಂತು. ಕೊನೆಗೆ ಸಾವರಿಸಿಕೊಂಡು ತೀರ್ಪು ಕೊಟ್ಟರು. "ಉಪ್ಪು, ಮೆಣಸು ಎಲ್ಲ ಸರಿಯಾಗಿತ್ತು, ಸುಳ್ಳು ಹೇಳಬಾರದು. ಅಡುಗೆ ದೊಡ್ಡಳಿಯಂದಿರದೇ ಇರಲಿ. ಬೆಂಕಿ ಮಾತ್ರ ಚಿಕ್ಕಳಿಯಂದಿರದು. ಸೌಟೂ ಅವರದೇ."

ಎಂದರೆ ಇನ್ನು ಮುಂದೆ ಅವನು ಪ್ರತಿ ಸಲ ಆ ಸೊಟ್ಟ ಸೌಟನ್ನೇ ಹಿಡಿದು ತಿರುವಬೇಕು. ಗೆದ್ದದ್ದೋ ಸೋತದ್ದೋ ಅವನಿಗೇ ತಿಳಿಯಲಿಲ್ಲ.

ಸೂಪನ್ನು ಗುಂಡಿ ತೋಡಿ ಸುರಿದರು. ಮಿಕ್ಕ ಆಲೂಗಡ್ಡೆಗಳನ್ನು ಬೂದಿಯಲ್ಲಿ ಹೂತರು. ದೊಡ್ಡಳಿಯ ಆಚೆ ಒಂದು ಕಲ್ಲಿನ ಮೇಲೆ ಕೂತು, ಷಡ್ಡಕನಿಂದಲೇ ಚಾಕು ಕೇಳಿ ಇಸಿದುಕೊಂಡು, ಸೌಟಿನ ಹಿಡಿಯಿಂದ ಪಾಲೀಶನ್ನು ಹೆರೆಯತೊಡಗಿದ. ಒಳ್ಳೆಯ ಚಾಕು. ಬೆಣ್ಣೆಯಲ್ಲಿ ಓಡಿದಂತೆ ಓಡುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಪ್ರಶ್ನೆಯೇ ಇರಲಿಲ್ಲ.

ಕಾಲಡಿ ಗುಡ್ಡೆಬಿದ್ದ ಹೊಟ್ಟನ್ನು ಬೊಗಸೆಯಲ್ಲಿ ಎತ್ತಿ ಆರುತ್ತಿದ್ದ ಕೆಂಡಕ್ಕೆ ಎಸೆದ. ಬುಸ್ಸೆಂದು ಆಳೆತ್ತರದ ಜ್ವಾಲೆ ಎದ್ದಿತು. ಚಿಕ್ಕಳಿಯ ಆಲೂಗಡ್ಡೆ ಬಿಟ್ಟು ಓಡಿ ಬಂದ.

"ಭಾವ! ಏನದು? ಇಷ್ಟು ಬೇಗ ಹತ್ತೋದನ್ನ ನಾನು ಎಲ್ಲೂ ನೋಡಿಲ್ಲ."

"ಅರಗು," ಎಂದ ದೊಡ್ಡಳಿಯ, ಚಾಕು ನಿಲ್ಲಿಸದೆ.

"ನನ್ನ ಕಿಡಿಗೆ ಒದ್ದೆ ತರಗು ಸಿಕ್ಕಿದರೆ ಒದ್ದಾಡಿಬಿಡ್ತೀನಿ ಭಾವ. ಮೊನ್ನೆ ಮಳೇಲಿ ಹಿತ್ತಲಲ್ಲಿ ಹಚ್ಚಿ ನೋಡ್ದೆ, ಎಷ್ಟು ಹೊತ್ತಾದ್ರೂ ಹತ್ತಲೇ ಇಲ್ಲ. ಈ ಹೊಟ್ಟಿಗೆ ಇದನ್ನ ಹಚ್ಚಿ ಒಣಗಿಸಿ ಇಟ್ಕೊಂಡ್ರೆ... ನಿಮ್ಮ ಹತ್ರ ಒಂದು ಡಬ್ಬಿ ಸಿಗುತ್ತಾ?"

ದೊಡ್ಡಳಿಯ ತಲೆಯೆತ್ತಿ ನೋಡಿದ. ಎದುರಿಗಿದ್ದ ಕನ್ನಡಕದ ಹಿಂದೆ ಎರಡು ಕಣ್ಣು ಹೊಳೆಯುತ್ತಿದ್ದವು. ಬೇಕು, ತನ್ನ ಬಳಿ ಇಲ್ಲ, ಇವನ ಬಳಿ ಇದೆ ಎಂಬ ಆ ಹೊಳಪು ಅವನಿಗೆ ಚೆನ್ನಾಗಿ ಪರಿಚಯವಿತ್ತು. ಇಷ್ಟು ದಿನ ಅದನ್ನು ಒಳಗಿನಿಂದ ನೋಡಿದ್ದ, ಹೊರಗಿನಿಂದ ನೋಡಲು ಸಿಕ್ಕಿದ್ದು ಈಗಲೇ.

"ಒಂದೇ ಡಬ್ಬಿ ಉಳಿದಿರೋದು ಕಣಪ್ಪಾ," ಎಂದ ನಿಧಾನವಾಗಿ. "ನೋಡೋಣ."

ಅಂಗಡಿಯ ಗೋಡೆಯುದ್ದಕ್ಕೂ ಡಬ್ಬಿಗಳ ಸಾಲನ್ನು ಕಂಡಿದ್ದ ಹೆಂಡತಿ ಅವನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಅವನು ಅದನ್ನು ಗಮನಿಸಲಿಲ್ಲ. ಬೂದಿಯಿಂದ ಒಂದು ಆಲೂಗಡ್ಡೆ ಕೆದಕಿ ತೆಗೆದು, ಸಿಪ್ಪೆ ಸುಲಿದು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ತಿಂದ.